ಶರಣಪ್ಪನ ಡೀಸೆಲ್ ಕೋಣ

ಡ್ಯಾನ್‌ವಿಲ್‌ನ ದ್ವಾರಕಾನಾಥರು ಸಾಂಟಾ ಕ್ಲಾರಾದ ಶರಣಪ್ಪನಿಗೆ ಇನ್ನೂ ಒಂದು ಶನಿವಾರ ಬಾಕಿ ಉಳಿಸಿಕೊಂಡಿದ್ದಾರೆ. ದುಡ್ಡಲ್ಲ, ಕಾಳಲ್ಲ, ಬೆಳಗಿನ ಕಾಫಿ ಕುಡಿದು ಬಂದು, ಹೊತ್ತು ಇಳಿಯುವ ತನಕ ಮೈ ಬಗ್ಗಿಸಿ, ಉಗುರು ಕಪ್ಪು ಮಾಡಿಕೊಂಡು ತೀರಿಸಬೇಕಾದ ಒಂದು ಇಡೀ ಶನಿವಾರ. ತೀರಿಸುವ ಉದ್ದೇಶ ತಮಗಿದೆಯೆಂದು ಅವರೇ ಹಲವು ಸಮಾರಂಭಗಳಲ್ಲಿ ಹೇಳಿದ್ದಾರೆ. ಆದರೆ ಉದ್ದೇಶಕ್ಕೆ ಎಂಜಿನ್ ಎತ್ತುವ ತೋಳಿರುವುದಿಲ್ಲ.

ಶರಣಪ್ಪ ಹೊಸಬರ ಕೈ ಕುಲುಕುವುದಿಲ್ಲ. ಚಾಚಿದ ಕೈಯನ್ನು ಹಿಡಿದು, ದನದ ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವನ ಗಾಂಭೀರ್ಯದಿಂದ ಅಂಗೈ ಮೇಲೆ ಮಾಡಿ, ಬೆರಳ ಬುಡವನ್ನು ಹೆಬ್ಬೆರಳಿನಿಂದ ಒತ್ತಿ, ಉಗುರಿನ ಅಂಚು ಪರೀಕ್ಷಿಸಿ, ಆಮೇಲೆ ಮುಖ ನೋಡುತ್ತಾನೆ. ಆ ಅಂಗೈಯಲ್ಲಿ ಅವನಿಗೆ ಏನು ಕಾಣುತ್ತದೋ, ಅವನ ಮುಂದಿನ ಮಾತಿನ ಧಾಟಿಯೆಲ್ಲ ಅದರ ಮೇಲೆ ನಿಂತಿರುತ್ತದೆ. ಮೂಳೆ ಡಾಕ್ಟರಾದ ಜಲಜಾ ಮೊದಲ ಸಲ ಸಂಕ್ರಾಂತಿಯ ಊಟದಲ್ಲಿ ಈತನನ್ನು ಕಂಡಾಗ, "ಕೈ ತೋರಸ್ರಿ ಅಕ್ಕಾರ" ಎಂದದ್ದೇ ತಡ, ಹಸ್ತಸಾಮುದ್ರಿಕದವನೆಂದು ತಿಳಿದು ಎಡಗೈಯನ್ನೂ ಕೊಟ್ಟು, ತಮ್ಮ ಗ್ರೀನ್ ಕಾರ್ಡು ಯಾವಾಗ ಬರುತ್ತದೆಂದು ಕೇಳಿಬಿಟ್ಟರು. ಶರಣಪ್ಪ ಅವರ ಬೆರಳುಗಳನ್ನು ಮಡಚಿ ಬಿಚ್ಚಿ ನೋಡಿ, ಕಾರ್ಡಿನ ಸುದ್ದಿ ತನಗೆ ಗೊತ್ತಿಲ್ಲ, ಆದರೆ ಈ ಕೈ ಕೆಲಸ ಮಾಡಿದ ಕೈ ಎಂದು ತೀರ್ಪಿತ್ತು, ಪಾಯಸದ ಕಡೆಗೆ ಹೊರಟುಹೋದ.

ನಡಿಗೆ ನೋಡಿದರೂ ಆಸಾಮಿ ಗುರುತು ಸಿಗುತ್ತಿತ್ತು. ಬರಿಗೈಯಲ್ಲಿ ನಡೆಯುವಾಗಲೂ ಎಡಭುಜ ಇಳಿಬಿಟ್ಟು, ಕಾಣದ ಹತ್ಯಾರ ಪೆಟ್ಟಿಗೆಯೊಂದನ್ನು ಹೊತ್ತವನ ಹಾಗೆ ವಾಲಿ ನಡೆಯುತ್ತಿದ್ದ. ಮೈಮೇಲೆ ಸದಾ ಒಂದು ಉಣ್ಣೆಯ ಕೋಟು. ಧಾರವಾಡದ ದರ್ಜಿಯೊಬ್ಬನಿಂದ ಮಾವ ಹೊಲಿಸಿಕೊಟ್ಟ ಮದುವೆಯ ಕೋಟು ಅದು. ಮದುವೆಯ ದಿನ ಬೂದುಬಣ್ಣದ್ದಾಗಿತ್ತೆಂದು ಫೋಟೋ ನೋಡಿ ನಂಬಬೇಕು. ಈಗ ಡೀಸೆಲ್ಲು, ಗ್ರೀಸು, ಎಂಜಿನ್ ಮಸಿ ಎಲ್ಲವನ್ನೂ ಕುಡಿದು, ಗೂಟಕ್ಕೆ ತೂಗುಹಾಕಿದರೆ ತಾನೇ ತೋಳು ಚಾಚಿ ನಿಲ್ಲುವಷ್ಟು ಗಟ್ಟಿಯಾಗಿತ್ತು. ಮದುವೆಯ ಕೋಟಿಗೆ ಈ ಗತಿಯೇ ಎಂದು ಯಾರಾದರೂ ಮರುಗಿದರೆ, ಒಂದು ದಿನ ಹಾಕಿ ಉಳಿದ ಆಯುಷ್ಯವೆಲ್ಲ ನುಸಿಗುಳಿಗೆಯ ವಾಸನೆ ಕುಡಿಯಲಿಕ್ಕೆ ಅದೇನು ಪಾಪ ಮಾಡಿದೆ ಎಂದು ಕೇಳುತ್ತಿದ್ದ.

ಹಾಗೆಂದು ಈತನನ್ನು ಓದುಬರಹವಿಲ್ಲದ ಮೇಸ್ತ್ರಿಯೆಂದು ತಿಳಿದು ಕರುಣೆ ತೋರಿಸಬೇಡಿ. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಮುಗಿಸಿ ಬಂದವನು. ಸಾಂಟಾ ಕ್ಲಾರಾದ ಚಿಪ್ ಕಾರ್ಖಾನೆಯೊಂದರಲ್ಲಿ ವ್ಯಾಕ್ಯೂಮ್ ಪಂಪುಗಳ ಉಸ್ತುವಾರಿ, ಉಳಿದ ಕನ್ನಡ ಎಂಜಿನಿಯರುಗಳಷ್ಟೇ ಪಗಾರ. ವಿನಯವಂತೂ ಅವನ ಹತ್ತಿರ ಸುಳಿದಿರಲಿಲ್ಲ. ತನಗೆ ಗೊತ್ತಿದ್ದದ್ದನ್ನು ಗೊತ್ತು ಎನ್ನುತ್ತಿದ್ದ, ಗೊತ್ತಿಲ್ಲದ್ದನ್ನೂ ಅರ್ಧಪಾಲು ಹಾಗೆಯೇ ಹೇಳುತ್ತಿದ್ದ. ಒಮ್ಮೆ ತನ್ನ ಟ್ರಕ್ಕಿನ ಹೊಗೆ ಹೊರಬಿಡುವ ಕೊಳವೆಯನ್ನು ತನ್ನದೇ ಲೆಕ್ಕಾಚಾರದಲ್ಲಿ ಕ್ಯಾಬಿನ್ನಿನ ಬೆನ್ನಿಗೆ ನೇರ ನಿಲ್ಲಿಸಿ, ಮೊದಲ ಮಳೆಗೇ ನೀರು ಎಂಜಿನ್ನಿನ ಬಾಯಿಗಿಳಿದು, ಅದನ್ನು ಬಿಚ್ಚಿ ಒಣಗಿಸಲು ವಾರ ಹಿಡಿದದ್ದು ಎಲ್ಲರಿಗೂ ಗೊತ್ತಿತ್ತು. ಆಮೇಲೆ ಕೊಳವೆಯ ತುದಿಗೆ ಮುಚ್ಚಳವಿಟ್ಟ. ತಪ್ಪು ತನ್ನದೆಂದು ಒಪ್ಪಲಿಲ್ಲ. ಕ್ಯಾಲಿಫೋರ್ನಿಯಾದ ಮಳೆ ವಕ್ರವಾಗಿ ಬೀಳುತ್ತದೆ ಎಂದ.

ಇಷ್ಟೆಲ್ಲಕ್ಕೂ ಕಾರಣ ಒಂದು ಹಳೆಯ ಪಿಕಪ್ ಟ್ರಕ್ಕು. ಲಾಸ್ ಗ್ಯಾಟೋಸಿನ ಗುಡ್ಡದ ಬುಡದಲ್ಲಿ ಜರ್ದಾಲು ಹಣ್ಣಿನ ತೋಟವಿದ್ದ ಮುದುಕನೊಬ್ಬ, ಮರ ಕಡಿಸಿ ನೆಲವನ್ನು ಕಂಪನಿಯವರಿಗೆ ಮಾರುವಾಗ, ತೋಟದ ಜೊತೆ ಸಾಯಲಿದ್ದ ಈ ವಾಹನವನ್ನು ಶರಣಪ್ಪನಿಗೆ ಕೊಟ್ಟ. ಟನ್ನುಗಟ್ಟಲೆ ಹಣ್ಣು ಹೊತ್ತ ಗಾಡಿ. ಆರು ಸಿಲಿಂಡರಿನ ಡೀಸೆಲ್ ಎಂಜಿನ್ನು. ಬಾಗಿಲು ಹಾಕಿದರೆ ದೇವಸ್ಥಾನದ ಕದ ಹಾಕಿದ ಸದ್ದು. ಅಕ್ಕಪಕ್ಕದ ಮನೆಗಳಲ್ಲಿ ಸೊಳ್ಳೆಯ ಹಾಗೆ ಗುಂಯ್‌ಗುಟ್ಟುವ ಜಪಾನಿ ಕಾರುಗಳು ನಿಂತಿರುವಾಗ, ಈ ಕಪ್ಪು ಪ್ರಾಣಿ ಶರಣಪ್ಪನ ಅಂಗಳದಲ್ಲಿ ಕೊಂಬಿಲ್ಲದ ಕೋಣನ ಹಾಗೆ ಮಲಗಿರುತ್ತಿತ್ತು. ಹೆಸರೂ ಅದೇ ಬಿತ್ತು. ಚಳಿಯ ಮುಂಜಾನೆ ಚಾಲೂ ಮಾಡಬೇಕೆಂದರೆ ಕೀಲಿ ತಿರುವಿ, ಒಳಗಿನ ತಂತಿ ಕಾಯುವ ತನಕ ಎಲೆಅಡಿಕೆ ಮೆಲ್ಲುವಷ್ಟು ಹೊತ್ತು ಸುಮ್ಮನೆ ಕೂರಬೇಕು. ಆಮೇಲೆ ಅದು ಒಮ್ಮೆ ಕೆಮ್ಮಿ, ಕರಿಹೊಗೆ ಕಾರಿ, ಗಡಗಡ ಶುರುಮಾಡಿದರೆ ಓಣಿಯ ನಾಯಿಗಳೆಲ್ಲ ಹಾಜರಿ ಹಾಕುತ್ತಿದ್ದವು.

ಹೆಂಡತಿ ನೀಲವ್ವ, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವಾಕೆ, ಮಾತಿನಲ್ಲಿ ಗಂಡನಿಗೆ ಸರಿಜೋಡಿ. "ಊರಾಗ ಎಮ್ಮಿ ಕಾಯೂದು ತಪ್ಪತು ಅಂತ ಅಮೆರಿಕಾಕ್ಕ ಬಂದೆ. ಇಲ್ಲಿ ಕ್ವಾಣ ಕಾಯಾಕತ್ತೀನಿ" ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಹೇಳಿದರೂ ಡೀಸೆಲ್ ವಾಸನೆಯ ಆ ಕೋಟನ್ನು ಒಗೆಯಲಿಕ್ಕೆ ಹಾಕಿದವಳಲ್ಲ. ಒಗೆದರೆ ಅದು ಹರಿದೀತು, ಹರಿದರೆ ಇನ್ನೊಂದು ಕೋಟು ಬಲಿಯಾದೀತು ಎಂಬ ವಿವೇಕ ಅವಳಿಗಿತ್ತು.

ಆ ದಿನಗಳಲ್ಲಿ ಬೇ ಏರಿಯಾದ ಕನ್ನಡ ಕುಟುಂಬಗಳು ವರ್ಷಕ್ಕೊಮ್ಮೆ ಅಪಾರ್ಟ್‌ಮೆಂಟು ಬದಲಿಸುತ್ತಿದ್ದವು. ಸೋಫಾ, ಮಂಚ, ಊರಿಂದ ಹಡಗಿನಲ್ಲಿ ತರಿಸಿದ ಒರಳು, ಎಲ್ಲಕ್ಕೂ ಶರಣಪ್ಪನಿಗೇ ಫೋನು. ಆತ ಬರುತ್ತಿದ್ದ, ಹೊರುತ್ತಿದ್ದ, ಇಳಿಸುತ್ತಿದ್ದ. ಡೀಸೆಲ್ಲಿಗಾದರೂ ಇರಲಿ ಎಂದು ನೋಟು ಚಾಚಿದರೆ ಮುಟ್ಟುತ್ತಿರಲಿಲ್ಲ. ಅವನದು ಒಂದೇ ಕರಾರು, ಅದನ್ನು ಸಾಮಾನು ಏರಿಸುವ ಮೊದಲೇ ಹೇಳಿಬಿಡುತ್ತಿದ್ದ: ಇದು ಮುಯ್ಯಿ. ಅವನ ಊರಾದ ಕುಂದಗೋಳದ ಕಡೆ ಜೋಳದ ಸುಗ್ಗಿ ನಡೆಯುವುದೇ ಮುಯ್ಯಾಳಿನ ಮೇಲೆ. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು; ಕೂಲಿಯಿಲ್ಲ, ಬರೆದಿಡುವುದಿಲ್ಲ, ಮರೆತವನಿಗೆ ಮರ್ಯಾದೆಯಿಲ್ಲ. ನಿಮ್ಮ ಮನೆ ನಾನು ಸಾಗಿಸಿದರೆ ಒಂದು ಶನಿವಾರ ನೀವು ನನ್ನ ಕೋಣನ ಮೈ ತಿಕ್ಕಬೇಕು.

ಹೀಗೆ ಆ ಟ್ರಕ್ಕಿನ ಒಂದೊಂದು ಅಂಗವೂ ಒಂದೊಂದು ಕುಟುಂಬದ ಋಣವಾಗಿ ಬೆಳೆಯಿತು. ಭಾರ ಹೊರುವ ಹಿಂದಿನ ಉಕ್ಕಿನ ಪಟ್ಟಿಗಳಿಗೆ ಇನ್ನೆರಡು ಪಟ್ಟಿ ಸೇರಿಸಿದ್ದು ಯಾರದೋ ಮಂಚದ ಮುಯ್ಯಿ. ಅಡಿಯ ಉಕ್ಕಿಗೆ ತೂತು ಕೊರೆದು ಎರಡನೆಯ ಡೀಸೆಲ್ ಟ್ಯಾಂಕು ಕೂರಿಸಿದವನು ಚಿಪ್ಪಿನ ನಕ್ಷೆ ಬರೆಯುವ ತಿರುಮಲೇಶ. ಅವನ ಕೊರೆತದ ನಯಕ್ಕೆ ಶರಣಪ್ಪನೂ ಮೆಚ್ಚಿ ತಲೆದೂಗಿದ್ದ. ತಮ್ಮ ಕ್ಲಿನಿಕ್ಕಿನ ಮೇಜು ಕಪಾಟು ಸಾಗಿಸಿಕೊಂಡ ಜಲಜಾ, ಹರಿದ ಸೀಟಿಗೆ ಕ್ಯಾನ್‌ವಾಸು ಹಾಕಿ, ಗಾಯ ಹೊಲಿಯುವ ಬಾಗಿದ ಸೂಜಿಯಿಂದಲೇ ಹೊಲಿದುಕೊಟ್ಟರು. ಆ ಸೀಟಿನ ಮೇಲೆ ಕುಳಿತವರಿಗೆಲ್ಲ ಶರಣಪ್ಪ ಹೊಲಿಗೆ ತೋರಿಸಿ, ಶಸ್ತ್ರಚಿಕಿತ್ಸೆ ಆದ ಸೀಟು, ಹಗುರ ಕೂಡ್ರಿ ಎನ್ನುತ್ತಿದ್ದ.

ಎಂಬತ್ತೈದರ ಸೆಪ್ಟೆಂಬರಿನಲ್ಲಿ ದ್ವಾರಕಾನಾಥರು ಡ್ಯಾನ್‌ವಿಲ್‌ನಲ್ಲಿ ಸ್ವಂತ ಮನೆ ಕೊಂಡರು. ಅವರು ಕನ್ನಡ ಸಂಘದ ಅಧ್ಯಕ್ಷರು, ಬೆಂಗಳೂರಿನವರು, ಸಾಫ್ಟ್‌ವೇರಿನವರು, ಮೈಕು ಕಂಡರೆ ಕಂಠ ತಾನಾಗಿ ತೆರೆದುಕೊಳ್ಳುವವರು. ಗೃಹಪ್ರವೇಶಕ್ಕೆ ಗೊತ್ತಾದದ್ದು ಒಂದು ಭಾನುವಾರ. ಬೆಳಗಿನ ಮುಹೂರ್ತ ಸಾಮಾನು ಏರಿಸುವುದರಲ್ಲೇ ಕಳೆಯಿತು. ಪುರೋಹಿತರಿಗೆ ಫೋನು ಹೋಗಿ, ನಾಲ್ಕೂವರೆಗೆ ರಾಹುಕಾಲ, ಅಷ್ಟರೊಳಗೆ ಹೊಸ ಒಲೆಯ ಮೇಲೆ ಹಾಲು ಉಕ್ಕಿದರೆ ಸಾಕು ಎಂಬ ಪರಿಹಾರ ಬಂತು. ಹಾಲು ಉಕ್ಕಿಸುವ ಬೆಳ್ಳಿಯ ಪಾತ್ರೆಯೂ ದೇವರ ಮಂಟಪವೂ ಟ್ರಕ್ಕಿನಲ್ಲಿ ಎಲ್ಲಕ್ಕಿಂತ ಅಡಿಯಲ್ಲಿದ್ದವು. ಅವುಗಳ ಮೇಲೆ ಬೀರು, ಬೀರುವಿನ ಮೇಲೆ ಮಂಚ, ಮಂಚದ ಮೇಲೆ ಅಕ್ಕಿಮೂಟೆ, ಕೊನೆಗೆ ಒರಳು. ಪಕ್ಕದ ಸೀಟಿನಲ್ಲಿ ಗಡಿಯಾರ ನೋಡುತ್ತ ದ್ವಾರಕಾನಾಥರು.

ಸುನೋಲ್ ದಿಣ್ಣೆ ಏರುವಾಗ ಉರಿಬಿಸಿಲು. ಎಂಜಿನ್ನಿನ ಕಾವು ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿತು. ಶರಣಪ್ಪ ಫ್ರೀವೇಯ ಬದಿಗೆ ಸರಿಸಿ, ಅರ್ಧ ತಾಸು ತಣಿಯಲಿ, ಆಮೇಲೆ ಹೋಗೋಣ ಎಂದ. ದ್ವಾರಕಾನಾಥರು ಅವನ ಕೋಟಿನ ತೋಳು ಹಿಡಿದುಕೊಂಡರು. "ಸ್ವಲ್ಪ ಅಡ್ಜಸ್ಟ್ ಮಾಡಿ ಶರಣಪ್ಪನೋರೆ. ಮುಹೂರ್ತ ಎರಡನೇ ಸಲ ಮಿಸ್ಸಾದ್ರೆ ನಮ್ಮನೆಯೋರು ಆ ಮನೆಗೆ ಕಾಲೇ ಇಡಲ್ಲ."

ಟ್ರಕ್ಕು ಬಲ್ಲ ಬುದ್ಧಿ ಹೇಳಿದ್ದು ನಿಲ್ಲು ಎಂದು. ಆದರೆ ಶರಣಪ್ಪನೂ ನಮ್ಮವನೇ. ಹೊರೆ ಒಪ್ಪಿಕೊಂಡ ಮೇಲೆ ಒಬ್ಬರ ಮನೆಯ ಶುಭಕಾರ್ಯ ತನ್ನಿಂದ ಕೆಟ್ಟಿತೆಂಬ ಮಾತು ಬರಬಾರದೆಂಬ ಹಳ್ಳಿಯ ಹಟ ಅವನೊಳಗೂ ಇತ್ತು. ಗೇರು ಹಾಕಿದ. ಇಬ್ಬರು ಎಂಜಿನಿಯರುಗಳು, ಕಾದು ಕೆಂಪಾದ ಕಬ್ಬಿಣದ ಮಾತು ಕೇಳದೆ, ರಾಹುವಿನ ಭಯಕ್ಕೆ ದಿಣ್ಣೆ ಹತ್ತಿದರು. ರಾಹುಕಾಲಕ್ಕೆ ಮುಂಚೆಯೇ ಹಾಲು ಉಕ್ಕಿತು. ಮನೆಯೊಳಗೆ ಮಂಗಳಾರತಿ ನಡೆಯುತ್ತಿದ್ದಾಗ ಹೊರಗೆ ಕೋಣ ಹಬೆ ಉಗುಳಿ, ನೀರು ಕಾರಿ, ಸುಮ್ಮನಾಯಿತು. ಎಂಜಿನ್ನಿನ ಹೊಟ್ಟೆಯೇ ಬಿರುಕು ಬಿಟ್ಟಿತ್ತು. ಮಾರನೆಯ ದಿನ ಎಳೆಯುವ ಗಾಡಿಯ ಹಿಂದೆ ಮುಸುಡಿ ಮೇಲೆತ್ತಿಕೊಂಡು ಸಾಂಟಾ ಕ್ಲಾರಾಕ್ಕೆ ಹೋಯಿತು. ದ್ವಾರಕಾನಾಥರು ತುಂಬ ನೊಂದುಕೊಂಡರು, ಹೋಳಿಗೆ ಕಳಿಸಿದರು.

ಚಳಿಗಾಲವಿಡೀ ಕೋಣ ಎದುರಿನ ಅಂಗಳದಲ್ಲಿ ಹೊಟ್ಟೆ ಖಾಲಿಯಾಗಿ ನಿಂತಿತ್ತು. ಶರಣಪ್ಪ ಗುಜರಿಗಳನ್ನೆಲ್ಲ ಜಾಲಾಡಿ, ಮುಳುಗಿದ ಮೀನುದೋಣಿಯೊಂದರಿಂದ ಎತ್ತಿದ ಅಂಥದೇ ಎಂಜಿನ್ನು ತಂದು, ಗ್ಯಾರೇಜಿನಲ್ಲಿ ಬಿಚ್ಚಿ, ಉಪ್ಪು ತೊಳೆದು, ಒಂದೊಂದೇ ಭಾಗ ಸರಿಮಾಡತೊಡಗಿದ. ವಸಂತ ಬರುವ ಹೊತ್ತಿಗೆ ಎಂಜಿನ್ನು ಸಿದ್ಧವಾಯಿತು, ನಗರಸಭೆಯ ನೋಟಿಸೂ ಬಂತು. ಓಡದ ವಾಹನ ಮನೆಯೆದುರು ನಿಲ್ಲುವಂತಿಲ್ಲ. ಸೋಮವಾರ ತನಿಖೆಯವನು ಬಂದಾಗ ಅದು ತನ್ನ ಬಲದಿಂದ ಕದಲದಿದ್ದರೆ ಎತ್ತಿಕೊಂಡು ಹೋಗಿ ಗುಜರಿಗೆ ಹಾಕುತ್ತಾರೆ. ಕದಲಿಸಬೇಕೆಂದರೆ ಎಂಜಿನ್ನು ಕೂರಿಸಬೇಕು. ಕಬ್ಬಿಣದ ಮುಕ್ಕಾಲಿಯಿಂದ ಅದನ್ನು ಸರಪಳಿಯಲ್ಲಿ ತೂಗುಬಿಟ್ಟು, ಏರು ಅಂಗಳದಲ್ಲಿ ಟ್ರಕ್ಕನ್ನು ಅದರ ಕೆಳಕ್ಕೆ ನೂಕಿ, ಕೂದಲೆಳೆಯಷ್ಟು ಹಿಂದೆ ಮುಂದೆ ಆಡಿಸುತ್ತ ಇಳಿಸುವ ಕೆಲಸ. ಹತ್ತು ಜನರ ತೋಳು ಬೇಕು.

ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಶರಣಪ್ಪ ತಾನಾಗಿ ಫೋನು ತಿರುಗಿಸಿದ. ಎಲ್ಲರಿಗೂ ಒಂದೇ ಮಾತು: "ಶನಿವಾರ ಬರ್ರಿ. ಮುಯ್ಯಿ ತೀರಸೂದೈತಿ." ಎಲ್ಲರೂ ಬರುತ್ತೇವೆಂದರು. ಮುಯ್ಯಾಳುಗಳಿಗೆ ಹೊಟ್ಟೆತುಂಬ ಹಾಕಬೇಕಾದದ್ದು ಪದ್ಧತಿ. ನೀಲವ್ವ ರಜೆ ಹಾಕಿ ರೊಟ್ಟಿ ಬಡಿದಳು, ಬದನೆಕಾಯಿ ತುಂಬಿದಳು. ಅವನ ಎದೆಯಲ್ಲಿದ್ದದ್ದು ಟ್ರಕ್ಕೊಂದೇ ಅಲ್ಲವೆಂದು ಅವಳಿಗೆ ಗೊತ್ತಿತ್ತು. ಈ ಪರದೇಶದ ಸಿಮೆಂಟಿನ ಮೇಲೂ ಮುಯ್ಯಿ ಬೇರು ಬಿಟ್ಟಿದೆಯೆಂದು ಅವನು ನಂಬಿದ್ದ. ಶನಿವಾರ ಯಾರೂ ಬಾರದಿದ್ದರೆ ಸೋಮವಾರ ಗುಜರಿಗೆ ಹೋಗುವುದು ಆ ನಂಬಿಕೆ.

ಹೇಳಿದ ಹೊತ್ತಿಗೆ ಬಂದವನು ತಿರುಮಲೇಶನೊಬ್ಬ, ಹಳೆಯ ಷರಟು ಹಾಕಿಕೊಂಡು. ಉಳಿದವರು ಒಟ್ಟಿಗೆ ಬರುತ್ತಾರಂತೆ ಎಂದ. ಇಬ್ಬರೇ ಸೇರಿ ಎಂಜಿನ್ನನ್ನು ಮುಕ್ಕಾಲಿಗೆ ತೂಗುಹಾಕುವಷ್ಟರಲ್ಲಿ ಬಿಸಿಲು ಏರಿತು. ಆಗ ಓಣಿಯ ತಿರುವಿನಲ್ಲಿ ಒಂದರ ಹಿಂದೊಂದು ಕಾರು. ತೂಗಾಡುವ ಎಂಜಿನ್ನನ್ನು ತಬ್ಬಿ ನಿಲ್ಲಿಸಿದ್ದ ಶರಣಪ್ಪನ ಮುಖ ಅರಳಿತು. ಕಾರಿನ ಬಾಗಿಲುಗಳು ತೆರೆದ ಮೇಲೆ ಅರಳಿದ ಮುಖ ಹಾಗೆಯೇ ನಿಂತುಹೋಯಿತು. ಇಳಿದವರೆಲ್ಲ ರೇಷ್ಮೆ ಸೀರೆ, ಸೂಟು, ಟೈ. ಮುಂದೆ ದ್ವಾರಕಾನಾಥರು, ಕೈಯಲ್ಲಿ ಹಣ್ಣಿನ ತಟ್ಟೆ. ಹಿಂದೆ ಯಾರದೋ ಕೈಯಲ್ಲಿ ಶಾಲು, ಯಾರದೋ ಕೈಯಲ್ಲಿ ಜರಿಯ ಪೇಟ, ಗಂಧದ ಹಾರ. ಶರಣಪ್ಪನವರು ಕಷ್ಟದಲ್ಲಿದ್ದಾರೆ, ನಾವೆಲ್ಲ ಅವರ ಜೊತೆ ನಿಲ್ಲಬೇಕು ಎಂದು ಸಂಘದ ಕಮಿಟಿ ಸೇರಿ, ಠರಾವು ಪಾಸು ಮಾಡಿ, ಮನೆಗೇ ಹೋಗಿ ಸನ್ಮಾನ ಮಾಡುವುದೆಂದು ನಿಶ್ಚಯಿಸಿತ್ತು.

ಪ್ರಪಂಚದಲ್ಲಿ ಬೇರೆ ಯಾವ ಜನವೂ ಈ ತಪ್ಪು ಮಾಡಲಾರದು. ಬಾವಿಗೆ ಬಿದ್ದವನಿಗೆ ಬೇರೆಯವರು ಹಗ್ಗ ಇಳಿಸುತ್ತಾರೆ; ನಾವು ಹಾರ ಇಳಿಸುತ್ತೇವೆ.

ಎಂಜಿನ್ನು ಬಿಟ್ಟರೆ ತೂಗಾಡಿ ತಿರುಮಲೇಶನ ಎದೆಗೆ ಬಡಿಯುತ್ತದೆ. ಹೀಗಾಗಿ ಶರಣಪ್ಪ ಕದಲಲಾರ. ಆ ಸ್ಥಿತಿಯಲ್ಲೇ ಅವನ ಕೋಟಿನ ಮೇಲೆ ಶಾಲು ಬಿತ್ತು, ತಲೆಯ ಮೇಲೆ ಪೇಟ ಕೂತಿತು, ಕೊರಳಿಗೆ ಹಾರ ಬಂತು. ಕ್ಯಾಮೆರಾ ಮಿಂಚಿತು. ದ್ವಾರಕಾನಾಥರು ಗಂಟಲು ಸರಿಪಡಿಸಿಕೊಂಡು, ಶರಣಪ್ಪನವರ ನಿಸ್ವಾರ್ಥ ಸೇವೆ, ಫಲಾಪೇಕ್ಷೆಯಿಲ್ಲದ ಸೇವೆ, ಸೇವೆಯೇ ಉಸಿರು ಎಂದು ಮೂರು ಸುತ್ತು ಬಂದರು. ಪೇಟದ ಕೆಳಗಿಂದ ಬೆವರು ಇಳಿಯುತ್ತಿತ್ತು.

"ಸೇವಾ ಅಲ್ಲ ರೀ. ಸಾಲ" ಎಂದ ಶರಣಪ್ಪ. ದನಿ ಏರಿಸಲಿಲ್ಲ. "ಸೇವಾ ಅಂದ್ಬಿಟ್ರ ನಿಮ್ಮ ಕಡೆ ಬಾಕಿ ಉಳಿಯಂಗಿಲ್ಲ. ಅದಕ್ಕ ಹಂಗ ಅಂತೀರಿ ನೀವು. ಭಾಷಣ ಆಮ್ಯಾಲ ಮಾಡ್ರಿ, ಮೊದಲ ಇದನ್ನ ಇಳಸ್ರಿ."

ಚಳವಳಿಗಳಲ್ಲಿ ಓಡಾಡಿದವರಿಗೆ ಈ ಹೊತ್ತು ಪರಿಚಯ. ಘೋಷಣೆ ಕೂಗಲು ಸಾವಿರ ಜನ, ಸಭೆ ಮುಗಿದ ಮೇಲೆ ಜಮಖಾನ ಮಡಚಲು ಇಬ್ಬರು. ಆ ಇಬ್ಬರು ಯಾರೆಂಬುದು ಇಂಥ ಗಳಿಗೆಯಲ್ಲೇ ತಿಳಿಯುವುದು. ಒಬ್ಬರಿಗೆ ಮಗಳ ಭರತನಾಟ್ಯದ ಕ್ಲಾಸು ನೆನಪಾಯಿತು. ಇನ್ನೊಬ್ಬರ ಸೂಟು ಡ್ರೈಕ್ಲೀನಿಂದ ಅಂದೇ ಬಂದಿತ್ತು. ಮೊದಲು ಮುಂದೆ ಬಂದವರು ಜಲಜಾ. ಬಳೆ ತೆಗೆದು ನೀಲವ್ವನ ಕೈಗೆ ಕೊಟ್ಟು, ಮೈಸೂರು ರೇಷ್ಮೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಎಲ್ಲಿ ಹಿಡೀಬೇಕು ಹೇಳಿ ಎಂದರು. ಅವರ ಹಿಂದೆ, ಮೊದಲು ನಾಚಿಕೆಗೆ, ಆಮೇಲೆ ಹುಮ್ಮಸ್ಸಿಗೆ, ಟೈಗಳು ಬೆನ್ನಿಗೆ ಸರಿದವು, ತೋಳು ಮಡಚಿದವು. ಬೆಲ್ಟಿನ ಕೊಂಡಿ ತಗುಲಿ ಟ್ರಕ್ಕಿನ ಮೈ ಗೀಚೀತೆಂದು ಶರಣಪ್ಪ ಹೆಗಲ ಮೇಲಿನ ಶಾಲು ತೆಗೆದು, ಮುಂದಿನ ಗಾಲಿಯ ಮೇಲಿನ ತಗಡಿಗೆ ಹಾಸಿದ.

ನೂಕಿದರು, ತಡೆದರು, ಬೈಸಿಕೊಂಡರು. ಕೊನೆಗೆ ಗೇರುಪೆಟ್ಟಿಗೆಯ ದಂಡ ಎಂಜಿನ್ನಿನ ತೂತಿಗೆ ಕೂರದೆ ಹಟ ಹಿಡಿಯಿತು. ಜಲಜಾ ಮೊಣಕೈ ತನಕ ಒಳಗೆ ಕೈ ಹಾಕಿ, ಕಣ್ಣು ಮುಚ್ಚಿ ತಡಕಿ, ಒಂಚೂರು ಎಡಕ್ಕೆ ತಿರುವಿಸಿದರು. ಕಳಕ್ ಎಂದು ಕೂತಿತು. "ಸೊಂಟದ ಕೀಲು ಕೂರಿಸೋದಕ್ಕಿಂತ ಇದು ವಾಸಿ, ನರಳಲ್ಲ" ಎಂದರು. ರೊಟ್ಟಿಗೆ ಕೂರುವಾಗ ಯಾರ ಉಗುರೂ ಬೆಳ್ಳಗಿರಲಿಲ್ಲ, ದ್ವಾರಕಾನಾಥರದೊಂದನ್ನು ಬಿಟ್ಟು. ಅವರಿಗೆ ಬೆನ್ನುನೋವಿತ್ತು. ಹಣ್ಣಿನ ತಟ್ಟೆಯನ್ನು ಇಡಲು ಜಾಗ ಸಿಗದೆ ಅಷ್ಟು ಹೊತ್ತೂ ಅದನ್ನು ಹಿಡಿದು ನಿಂತಿದ್ದರು. ಊಟ ಮಾತ್ರ ಚೆನ್ನಾಗಿ ಮಾಡಿದರು.

ಭಾನುವಾರ ಶರಣಪ್ಪನೂ ತಿರುಮಲೇಶನೂ ಎಣ್ಣೆಯ ಕೊಳವೆಗಳೊಳಗಿನ ಗಾಳಿ ತೆಗೆದರು. ಸಂಜೆ ಕೀಲಿ ತಿರುವಿ, ಎಲೆಅಡಿಕೆಯ ಹೊತ್ತು ಕಾದು, ಒತ್ತಿದಾಗ ಕೋಣ ಕೆಮ್ಮಿತು, ಕಾರಿತು, ಗಡಗಡಿಸಿತು. ನೀಲವ್ವ ಬಾಗಿಲಲ್ಲಿ ನಿಂತು, ನಾಯಿಗಳ ಹಾಜರಿ ಕೇಳಿ, ಒಳಗೆ ಹೋದಳು. ಸೋಮವಾರ ತನಿಖೆಯವನು ಬಂದು, ನಾಲ್ಕು ಅಡಿ ಕದಲಿಸಿದರೆ ಸಾಕು ಎಂದ. ಶರಣಪ್ಪ ಅವನನ್ನೇ ಶಸ್ತ್ರಚಿಕಿತ್ಸೆಯಾದ ಸೀಟಿನಲ್ಲಿ ಕೂರಿಸಿಕೊಂಡು, ಎಲ್ ಕಮೀನೋ ರಸ್ತೆಯ ಕೊನೆಯ ತನಕ ಕರೆದುಕೊಂಡು ಹೋಗಿ ಬಂದ. ಇಳಿಯುವಾಗ ಅವನ ಕೈಯನ್ನೂ ತಿರುಗಿಸಿ ನೋಡಿದನಂತೆ.

ಆ ಶಾಲು ಈಗಲೂ ಇದೆ. ಟ್ರಕ್ಕು ಬಿಚ್ಚುವಾಗಲೆಲ್ಲ ತಗಡಿನ ಮೇಲೆ ಹಾಸಲ್ಪಟ್ಟು, ಕೋಟಿನ ಬಣ್ಣಕ್ಕೆ ಬಂದಿದೆ. ಅಷ್ಟು ಉಪಯೋಗಕ್ಕೆ ಬಿದ್ದ ಸನ್ಮಾನ ಸಂಘದ ಇತಿಹಾಸದಲ್ಲಿ ಇನ್ನೊಂದಿಲ್ಲ. ದ್ವಾರಕಾನಾಥರನ್ನು ಯುಗಾದಿಗೋ ರಾಜ್ಯೋತ್ಸವಕ್ಕೋ ಕಂಡಾಗ ಶರಣಪ್ಪ ಬಾಕಿ ಕೇಳುವುದಿಲ್ಲ. ಅವರ ಕೈ ಹಿಡಿದು, ಅಂಗೈ ಮೇಲೆ ಮಾಡಿ, ನೋಡಿ, "ಇನ್ನೂ ಹಂಗ ಐತಿ" ಎಂದು ಬಿಟ್ಟುಬಿಡುತ್ತಾನೆ.

ಇಂಥವರು ಸಂತರಲ್ಲ, ಸಂತರೆಂದು ಕರೆದು ಪಾರಾಗಬೇಡಿ. ಹಟಮಾರಿಗಳು, ಜಂಬದವರು, ಜೊತೆ ಬಾಳುವವರಿಗೆ ಡೀಸೆಲ್ ವಾಸನೆ ಉಣಿಸುವವರು. ಆದರೆ ಯಾವ ಊರಿಗೆ ಹೋದರೂ, ಯಾವ ಸಮುದ್ರ ದಾಟಿದರೂ, ನಾಲ್ಕು ಮನೆಗಳನ್ನು ಒಂದು ಊರಾಗಿ ಕಟ್ಟುವವರು ಇವರೇ. ಏಕೆಂದರೆ ಇವರು ಕೊಡುವುದನ್ನಷ್ಟೇ ಬಲ್ಲವರಲ್ಲ, ನಾಚದೆ ವಾಪಸು ಕೇಳುವುದನ್ನೂ ಬಲ್ಲವರು. ಕೊಟ್ಟು ಸುಮ್ಮನಿರುವ ದಾನಿಯ ಸುತ್ತ ಭಿಕ್ಷುಕರು ನೆರೆಯುತ್ತಾರೆ. ಮುಯ್ಯಿ ಕೇಳುವವನ ಸುತ್ತ ನೆರೆಹೊರೆ ಹುಟ್ಟುತ್ತದೆ. ನಿಮ್ಮ ಓಣಿಯಲ್ಲೂ ಅಂಥವನೊಬ್ಬನಿದ್ದಾನೆ. ನಿಮ್ಮ ಮಂಚ ಹೊತ್ತಿದ್ದಾನೆ, ನಿಮ್ಮ ಒರಳು ಇಳಿಸಿದ್ದಾನೆ, ನೀವು ಅವನಿಗೆ ಹೋಳಿಗೆ ಕಳಿಸಿದ್ದೀರಿ. ಓದುವುದನ್ನು ಇಲ್ಲಿಗೆ ನಿಲ್ಲಿಸಿ, ನಿಮ್ಮ ಕೈ ತಿರುಗಿಸಿ ನೋಡಿಕೊಳ್ಳಿ. ಬರುವ ಶನಿವಾರ ಹಳೆಯ ಷರಟು ಹಾಕಿಕೊಂಡು ಅವನ ಅಂಗಳಕ್ಕೆ ಹೋಗಿ. ಶಾಲು ತರಬೇಡಿ.